ಉಸಿರಿನ ಕಾವಲುಗಾರನೂ ನಮ್ಮ ಹೊಣೆಯೂ

ಸಂಧಿ ಸಮಾಸ ಕಲಿಸುವ ಕನ್ನಡ ಶಿಕ್ಷಕನಿಗೆ ಮೆದುಳು, ನರಗಳ ಗೊಡವೆ ಏಕೆ ಎಂದು ಈ ಲೇಖನದ ತಲೆಬರಹ ಕಂಡ ಕೆಲವರಾದರೂ ಕೇಳಬಹುದು. ಅವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ವರ್ಣಮಾಲೆಯೇ ಉಸಿರಿನ ಲೆಕ್ಕದ ಮೇಲೆ ನಿಂತಿದೆ. ಬಾಯಿಯ ಮುಂದೆ ಅಂಗೈ ಹಿಡಿದು ಒಮ್ಮೆ 'ಕ' ಎನ್ನಿರಿ, ಇನ್ನೊಮ್ಮೆ 'ಖ' ಎನ್ನಿರಿ. ಎರಡನೆಯ ಸಲ ಅಂಗೈಗೆ ಗಾಳಿ ಬಡಿಯುತ್ತದೆ. ಕಡಿಮೆ ಉಸಿರಿನದು ಅಲ್ಪಪ್ರಾಣ, ಹೆಚ್ಚು ಉಸಿರಿನದು ಮಹಾಪ್ರಾಣ. ನಿಟ್ಟುಸಿರು, ಏದುಸಿರು, ಬಿಸಿಯುಸಿರು, ಕೊನೆಯುಸಿರು ಎಂದು ಮನುಷ್ಯನ ಸುಖದುಃಖಗಳನ್ನೆಲ್ಲ ಕನ್ನಡವು ಉಸಿರಿನಿಂದಲೇ ಅಳೆದಿದೆ. ಹೀಗಿರಲು ಆ ಉಸಿರನ್ನು ಆಡಿಸುವವರು ಯಾರು ಎಂದು ಕನ್ನಡದ ಮಾಸ್ತರನು ಕೇಳಿದರೆ ತಪ್ಪಲ್ಲ. ಆದರೆ ನಾನು ಇದನ್ನು ಬರೆಯಲು ಕಾರಣ ವ್ಯಾಕರಣವಲ್ಲ, ಒಂದು ಹಗೇವು.

ಇಂದಿನ ಮಕ್ಕಳಲ್ಲಿ ಹಗೇವು ಕಂಡವರು ಕಡಿಮೆ. ನೆಲದಲ್ಲಿ ಆಳವಾಗಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ಧಾನ್ಯದ ಕುಣಿಯೇ ಹಗೇವು. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಜೋಳವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆಯನ್ನು ನಂಬಲಾಗದ ನಮ್ಮ ಜತ್ತ ಸೀಮೆಗೆ ಇದೇ ಬರಗಾಲದ ಬ್ಯಾಂಕು. ಮರಾಠಿಯಲ್ಲಿ ಇದಕ್ಕೆ ಪೇವ ಎನ್ನುತ್ತಾರೆ. ನಮ್ಮದೇ ಜಿಲ್ಲೆಯ ಹರಿಪುರದಲ್ಲಿ ಅರಿಶಿಣವನ್ನು ಹೀಗೆಯೇ ನೆಲದೊಳಗಿನ ಪೇವಗಳಲ್ಲಿ ಕಾಪಾಡುತ್ತಿದ್ದರು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು.

ನಾನು ಚಿಕ್ಕವನಿದ್ದಾಗ ನಮ್ಮ ಅಜ್ಜ ಒಂದು ಸಂಜೆ ಹಗೇವು ತೆಗೆಯಿಸಿದ. ಚಪ್ಪಡಿ ಸರಿಸಿದ ಮೇಲೆ ಅಜ್ಜನ ಮಾತು ಒಂದೇ: "ಏ ತಮ್ಮಾ, ಬಾಯಿ ತಗದ ಕೂಡಲೆ ಯಾರೂ ಇಳಿಬ್ಯಾಡ್ರಿ. ರಾತ್ರಿಯೆಲ್ಲಾ ಹಂಗ ಇರ್ಲಿ. ಅದಕ್ಕೂ ಉಸರ ಬಿಡಾಕ ಬಿಡಬೇಕು." ಆದರೆ ಜೋಳ ಒಯ್ಯುವ ಗಾಡಿ ಬಂದು ನಿಂತಿತ್ತು. ಆಳುಮಗನೊಬ್ಬನಿಗೆ ಅವಸರ. ಅಜ್ಜನ ಹಟಕ್ಕೆ ಸೊಂಟಕ್ಕೆ ಹಗ್ಗವನ್ನೇನೋ ಕಟ್ಟಿಕೊಂಡ, ಮಾತು ಮಾತ್ರ ಕೇಳದೆ ಇಳಿದೇಬಿಟ್ಟ. ಎರಡು ಬುಟ್ಟಿ ತುಂಬುವುದರೊಳಗೆ ಒಳಗಿನ ಸದ್ದು ನಿಂತಿತು. ಅವನ ತಮ್ಮ ಪಟಕಾ ಬಿಸುಟು ಒಳಗೆ ಹಾರಲು ಹೊರಟಾಗ ಅಜ್ಜ ಅಡ್ಡಗೋಲು ಹಿಡಿದು ಅವನ ಎದೆಗೆ ಒತ್ತಿ ತಡೆದ. ನಾಲ್ಕು ಮಂದಿ ಸೇರಿ ಹಗ್ಗ ಜಗ್ಗಿ ಬಿದ್ದವನನ್ನು ಮೇಲೆತ್ತಿದರು. ಬಯಲಗಾಳಿಯಲ್ಲಿ ಬಹಳ ಹೊತ್ತು ಮಲಗಿಸಿದ ಮೇಲೆ ಕಣ್ಣು ತೆರೆದ. ಏನಾಯಿತು ಎಂದು ಕೇಳಿದರೆ ಅವನು ಹೇಳಿದ್ದು: "ಏನೂ ತಿಳೀಲಿಲ್ರಿ ಅಜ್ಜಾರ. ಎರಡ ಸಲ ಜೋರ ಉಸರ ಬಂತು. ಮ್ಯಾಲ ಏರ್ಬೇಕು ಅನ್ನೂದ್ರಾಗ ಕಾಲಾಗಿನ ಶಕ್ತಿನ ಹೋತು."

ಈ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಮುಂದೆ ಹೈಸ್ಕೂಲಿನಲ್ಲಿ ಮೆದುಳಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಗುಣಗಳನ್ನೂ ಪಡೆದೆ. ಆಗಲೂ ಆಗಲಿಲ್ಲ. ಕನ್ನಡ ಶಾಲೆಯಲ್ಲಿ ಅದನ್ನು ಮೆಡುಲ್ಲಾ ಅಬ್ಲಾಂಗೇಟಾ ಎಂದು ಓದಿದೆ. ಮರಾಠಿಯಲ್ಲಿ ಓದುವಾಗ ಮಸ್ತಿಷ್ಕಪುಚ್ಛ, ಅಂದರೆ ಮೆದುಳಿನ ಬಾಲ, ಎಂದು ಓದಿದೆ. ಎರಡು ಭಾಷೆಗಳಲ್ಲಿ ಹೆಸರು ಬಲ್ಲವನಾದೆನೇ ಹೊರತು ಆ ಬಾಲಕ್ಕೂ ನಮ್ಮ ಹಗೇವಿಗೂ ಇರುವ ಸಂಬಂಧ ತಿಳಿಯಲಿಲ್ಲ. ಆ ಸಂಬಂಧವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪ್ರತಿಯೊಬ್ಬ ಪಾಲಕನೂ ತಿಳಿದಿರಲೇಬೇಕು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕಾಗಿರುವ ಮಾತು.

ವಿದ್ಯಾರ್ಥಿ ಮಿತ್ರರೇ, ಕುಳಿತಲ್ಲಿಯೇ ಉಸಿರು ಬಿಗಿಹಿಡಿದು ನೋಡಿರಿ. ಮೊದಲಿಗೆ ಅದು ನಿಮ್ಮ ಮಾತು ಕೇಳುತ್ತದೆ. ತುಸು ಹೊತ್ತಿಗೆ ಎದೆಯಲ್ಲಿ ತಳಮಳ ಸುರುವಾಗುತ್ತದೆ. ಕೊನೆಗೆ ನೀವು ಬೇಡವೆಂದರೂ ಬಾಯಿ ತೆರೆದು ಗಾಳಿ ಒಳನುಗ್ಗುತ್ತದೆ. ಹೃದಯವನ್ನು ನಿಲ್ಲಿಸುವೆನೆಂದರೆ ಯಾರಿಂದಲೂ ಆಗದು. ಕೈಯನ್ನು ಎಷ್ಟು ಹೊತ್ತಾದರೂ ಸುಮ್ಮನಿರಿಸಬಹುದು. ಉಸಿರು ಮಾತ್ರ ಈ ಎರಡರ ನಡುವಿನದು: ಅರ್ಧ ನಮ್ಮ ಅಂಕೆಯಲ್ಲಿ, ಅರ್ಧ ಇನ್ನೊಬ್ಬ ಒಡೆಯನ ಅಂಕೆಯಲ್ಲಿ. ಮಾತನಾಡುವಾಗ, ಹಾಡುವಾಗ, ಶಹನಾಯಿ ಊದುವಾಗ, ನೀರಲ್ಲಿ ಮುಳುಗುವಾಗ ದೊಡ್ಡ ಮೆದುಳು ಅದನ್ನು ಆಳುತ್ತದೆ. ನಿದ್ದೆ ಹೋದಾಗ, ಪಾಠದಲ್ಲಿ ಮೈಮರೆತಾಗ, ಆಟದಲ್ಲಿ ಓಡುವಾಗ ಆ ಇನ್ನೊಬ್ಬ ಒಡೆಯನು ಯಾರ ಅಪ್ಪಣೆಯನ್ನೂ ಕಾಯದೆ ಕೆಲಸ ನಡೆಸುತ್ತಾನೆ. ನಿಮಿಷಕ್ಕೆ 14 ಉಸಿರೆಂದು ಹಿಡಿದರೆ ದಿನಕ್ಕೆ 20 ಸಾವಿರಕ್ಕೂ ಹೆಚ್ಚು. ಇಷ್ಟನ್ನು ನಾವೇ ನೆನಪಿಟ್ಟು ಎಳೆಯಬೇಕಾಗಿದ್ದರೆ ಒಂದು ರಾತ್ರಿಯ ನಿದ್ದೆಯೂ ನಮಗೆ ದಕ್ಕುತ್ತಿರಲಿಲ್ಲ.

ಆ ಒಡೆಯನ ಮನೆ ಎಲ್ಲಿ? ತಲೆಯ ಹಿಂಭಾಗದಲ್ಲಿ, ಮೆದುಳು ಮುಗಿದು ಮೆದುಳುಬಳ್ಳಿ ಸುರುವಾಗುವಲ್ಲಿ, ಹೆಬ್ಬೆರಳ ಗಾತ್ರದ ಒಂದು ಭಾಗವಿದೆ. ಅದೇ ಮೆಡುಲ್ಲಾ. ಮೊಲಗಳ ಮೇಲೆ ಪ್ರಯೋಗ ನಡೆಸಿದ ಫ್ರಾನ್ಸಿನ ವೈದ್ಯ ಲೆಗಾಲ್ವಾ, ಮೇಲಿನ ಮೆದುಳನ್ನು ತೆಗೆದರೂ ಉಸಿರು ನಡೆಯುತ್ತದೆ, ಮೆಡುಲ್ಲಾದ ಒಂದು ಚಿಕ್ಕ ಜಾಗಕ್ಕೆ ಪೆಟ್ಟು ಬಿದ್ದರೆ ಮಾತ್ರ ಒಮ್ಮೆಲೇ ನಿಲ್ಲುತ್ತದೆ ಎಂದು 1812ರಲ್ಲಿ ಪ್ರಕಟಿಸಿದ. 1991ರಲ್ಲಿ ಸ್ಮಿತ್, ಫೆಲ್ಡ್‌ಮನ್ ಮತ್ತು ಸಂಗಡಿಗರು ಅದರೊಳಗೆ ಉಸಿರಿನ ತಾಳ ಹಾಕುವ ನರಕೋಶಗಳ ಗುಂಪೊಂದನ್ನು ತೋರಿಸಿಕೊಟ್ಟರು. ಭಜನೆಯಲ್ಲಿ ಹಾಡುವವರು ಎಷ್ಟೇ ಮಂದಿಯಿರಲಿ, ತಾಳ ಹಿಡಿದವನು ಒಬ್ಬನಿರುತ್ತಾನಲ್ಲವೆ? ಹಾಗೆಯೇ ಇದು.

ತಾಳದ ಅಪ್ಪಣೆ ಮೆದುಳುಬಳ್ಳಿಯ ಮೂಲಕ ಕೆಳಗಿಳಿಯುತ್ತದೆ. ಕತ್ತಿನಲ್ಲಿ ಹೊರಡುವ ಎರಡು ನರಗಳು, ಎಡಕ್ಕೊಂದು ಬಲಕ್ಕೊಂದು, ಎದೆಗೂಡನ್ನು ದಾಟಿ ವಪೆಯನ್ನು ಮುಟ್ಟುತ್ತವೆ. ವಪೆಯೆಂದರೆ ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹರಡಿದ ಸ್ನಾಯುವಿನ ಪರದೆ. ಅಪ್ಪಣೆ ಬಂದೊಡನೆ ಅದು ಕೆಳಗೆ ಜಗ್ಗುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಕಮ್ಮಾರನ ತಿದಿ ಹಿಗ್ಗಿದಂತೆ ಎದೆ ಹಿಗ್ಗಿ ಸುಮಾರು ಅರ್ಧ ಲೀಟರ್ ಗಾಳಿ ಒಳಗೆ ಬರುತ್ತದೆ. ಅಪ್ಪಣೆ ನಿಂತಾಗ ತಿದಿ ತಾನಾಗಿ ಕುಗ್ಗಿ ಗಾಳಿ ಹೊರಗೆ ಹೋಗುತ್ತದೆ. ಇದೇ ನರ ಸುಮ್ಮಸುಮ್ಮನೆ ಕೆರಳಿದರೆ ಬಿಕ್ಕಳಿಕೆ ಬರುತ್ತದೆ. ಯಾರೋ ನೆನೆಸುತ್ತಿದ್ದಾರೆ ಎಂದು ನಾವು ಸಂತೋಷಪಡುತ್ತೇವೆ, ಅದಿರಲಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹೆಚ್ಚು ಉಸಿರು ಬೇಕೆಂದು ಈ ಒಡೆಯನಿಗೆ ಹೇಗೆ ಗೊತ್ತಾಗುತ್ತದೆ? ಆಮ್ಲಜನಕ ಕಡಿಮೆಯಾದಾಗ ಎಂದು ಹತ್ತರಲ್ಲಿ ಒಂಬತ್ತು ಮಂದಿ ಉತ್ತರ ಕೊಡುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಅದು ಸರಿಯಲ್ಲ. ಅವನು ಮುಖ್ಯವಾಗಿ ಅಳೆಯುವುದು ನಮಗೆ ಬೇಕಾದ ಆಮ್ಲಜನಕವನ್ನಲ್ಲ, ನಾವು ಹೊರಗೆ ಚೆಲ್ಲಬೇಕಾದ ಇಂಗಾಲದ ಡೈಆಕ್ಸೈಡನ್ನು. ರಕ್ತದಲ್ಲಿ ಅದು ಹೆಚ್ಚಿದರೆ ಮೆದುಳಿನ ಸುತ್ತಲಿನ ದ್ರವ ತುಸು ಹುಳಿಯಾಗುತ್ತದೆ. ಮೆಡುಲ್ಲಾದ ಕೆಳಮೈಯಲ್ಲಿರುವ ಕೋಶಗಳು ಆ ಹುಳಿಯನ್ನು ಕೂಡಲೇ ಗುರುತಿಸಿ ತಾಳವನ್ನು ಚುರುಕುಗೊಳಿಸುತ್ತವೆ.

ಇದನ್ನು ತನ್ನ ಮೈಮೇಲೆಯೇ ಪರೀಕ್ಷಿಸಿ ಕಂಡುಕೊಂಡವನು ಬ್ರಿಟನ್ನಿನ ವಿಜ್ಞಾನಿ ಜೆ. ಎಸ್. ಹಾಲ್ಡೇನ್. ಗಾಳಿಯಾಡದಂತೆ ಮುಚ್ಚಿದ ಕೋಣೆಯಲ್ಲಿ ಕುಳಿತು ತನ್ನ ಉಸಿರು ಕೆಡುವುದನ್ನು ತಾನೇ ನೋಡಿದ. ಕಲ್ಲಿದ್ದಲ ಗಣಿಗಳಲ್ಲಿ ಇಳಿದು ಅಲ್ಲಿನ ಕೆಟ್ಟ ಗಾಳಿಯನ್ನು ಅಳೆದ. 1905ರಲ್ಲಿ ಅವನೂ ಪ್ರೀಸ್ಟ್ಲಿಯೂ ಸೇರಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಶ್ವಾಸಕೋಶದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ನೂರಕ್ಕೆ 0.2ರಷ್ಟು ಹೆಚ್ಚಿದರೂ ಸಾಕು, ಉಸಿರಾಟ ಇಮ್ಮಡಿಯಾಗುತ್ತದೆ. ಎಂಥ ಸೂಕ್ಷ್ಮ ತಕ್ಕಡಿ! ಅಕ್ಕಸಾಲಿಗನ ತಕ್ಕಡಿಯೂ ಇಷ್ಟು ಸೂಕ್ಷ್ಮವಿರಲಾರದು.

ಹಾಗಾದರೆ ಆಮ್ಲಜನಕವನ್ನು ಕಾಯುವವರು ಯಾರೂ ಇಲ್ಲವೆ? ಇದ್ದಾರೆ. ಕತ್ತಿನ ಎರಡೂ ಬದಿಗೆ ನಾಡಿ ಬಡಿಯುವ ಜಾಗದಲ್ಲಿ, ರಕ್ತನಾಳ ಕವಲೊಡೆಯುವೆಡೆ, ಅಕ್ಕಿಕಾಳಿನಷ್ಟು ಚಿಕ್ಕ ಅಂಗಗಳಿವೆ. ಕತ್ತಿನ ಹಾಗೂ ಎದೆಯ ದೊಡ್ಡ ರಕ್ತನಾಳಗಳಲ್ಲಿರುವ ಇಂಥ ಕಾವಲುಗಾರರು ಉಸಿರಾಟವನ್ನು ನಿಯಂತ್ರಿಸುವ ಬಗೆಯನ್ನು ತೋರಿಸಿದ್ದಕ್ಕೆ ಬೆಲ್ಜಿಯಮ್ಮಿನ ಹೈಮನ್ಸ್‌ನಿಗೆ 1938ರ ನೊಬೆಲ್ ಪಾರಿತೋಷಕ ದೊರಕಿತು. ಆದರೆ ಆಮ್ಲಜನಕದ ಕಾವಲುಗಾರನು ತೂಕಡಿಕೆಯವನು. ರಕ್ತದ ಆಮ್ಲಜನಕದ ಒತ್ತಡವು ಪಾದರಸದ 100 ಮಿಲಿಮೀಟರಿನ ಆಸುಪಾಸಿನಿಂದ 60ಕ್ಕೆ ಇಳಿಯುವ ತನಕ ಅವನು ಗಟ್ಟಿಯಾಗಿ ಕೂಗುವುದಿಲ್ಲ. ಅವನು ಕೂಗುವಷ್ಟರಲ್ಲಿ, ಕೂಗನ್ನು ಕೇಳಬೇಕಾದ ಮೆದುಳಿಗೇ ಮಂಪರು ಕವಿದಿರುತ್ತದೆ. ಮೈತೂಕದಲ್ಲಿ ನೂರಕ್ಕೆ 2ರಷ್ಟೇ ಇರುವ ಮೆದುಳು, ಮೈ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ 20ರಷ್ಟನ್ನು ತಾನೊಂದೇ ಬಳಸುತ್ತದೆ. ಕೊರತೆ ಬಂದಾಗ ಮೊದಲು ಕೆಡುವುದು ಅದೇ.

ಬಯಲಿನಲ್ಲಿ ಬಾಳುವ ಮನುಷ್ಯನಿಗೆ ಈ ಏರ್ಪಾಡು ಸಾಕಾಗಿತ್ತು. ಬಯಲಗಾಳಿಯಲ್ಲಿ ಆಮ್ಲಜನಕ ಯಾವಾಗಲೂ ನೂರಕ್ಕೆ 21ರಷ್ಟು ಇದ್ದೇ ಇರುತ್ತದೆ. ಕಾಯಬೇಕಾದದ್ದು ಒಳಗಿನ ಕಸವನ್ನು ಮಾತ್ರ. ತೊಂದರೆ ಬರುವುದು ಮನುಷ್ಯನು ಬಯಲು ಬಿಟ್ಟು ಕುಣಿಗೆ ಇಳಿದಾಗ, ನೀರಿನಲ್ಲಿ ಮುಳುಗಿದಾಗ, ಆಕಾಶಕ್ಕೆ ಏರಿದಾಗ. 1875ರ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ ಮೂವರು ಝೆನಿತ್ ಎಂಬ ಬಲೂನಿನಲ್ಲಿ 8 ಸಾವಿರ ಮೀಟರಿಗೂ ಮೇಲೆ ಏರಿದರು. ಆಮ್ಲಜನಕದ ಚೀಲಗಳು ಅವರ ಪಕ್ಕದಲ್ಲಿಯೇ ಇದ್ದವು. ಬಲೂನು ಕೆಳಗಿಳಿದಾಗ ಇಬ್ಬರು ಸತ್ತಿದ್ದರು. ಬದುಕಿದ ತಿಸಾಂದಿಯೆ ಮುಂದೆ ಬರೆದದ್ದನ್ನು ಓದಿದರೆ ಮೈ ಝುಮ್ಮೆನ್ನುತ್ತದೆ. ಅವನಿಗೆ ಯಾವ ಸಂಕಟವೂ ಆಗಿರಲಿಲ್ಲ, ಒಳಗೊಂದು ಬಗೆಯ ಆನಂದವೇ ಇತ್ತು. ಚೀಲ ಹಿಡಿಯಬೇಕೆಂದಾಗ ಮಾತ್ರ ಕೈ ಏಳಲಿಲ್ಲ. ಬಲೂನಿನ ಮಾತು ಬಹಳ ಹಿಂದಿನದೆಂದು ತಳ್ಳಿಹಾಕುವಂತಿಲ್ಲ. 2021ರ ಕೊರೋನಾ ಎರಡನೆಯ ಅಲೆಯನ್ನು ನೆನೆಯಿರಿ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರು 80 ತೋರಿಸುತ್ತಿದ್ದರೂ ಕೆಲವರು ಚಹಾ ಕುಡಿಯುತ್ತ, ನನಗೇನೂ ಆಗಿಲ್ಲ ಎನ್ನುತ್ತಿದ್ದರು. ಆಮ್ಲಜನಕ ಇಳಿದಿದ್ದರೂ ಇಂಗಾಲದ ಡೈಆಕ್ಸೈಡು ಸರಾಗವಾಗಿ ಹೊರಗೆ ಹೋಗುತ್ತಿದ್ದುದು ಅದಕ್ಕೊಂದು ಕಾರಣ. ಮೆದುಳು ಮೋಸಹೋಯಿತು. ಯಂತ್ರ ಹೇಳಿದ್ದನ್ನು ನಂಬದೆ ಮೈ ಹೇಳಿದ್ದನ್ನು ನಂಬಿದವರಲ್ಲಿ ಎಷ್ಟೋ ಮಂದಿ ತಡವಾಗಿ ಆಸ್ಪತ್ರೆಗೆ ಹೋದರು.

ಈಗ ಅಜ್ಜನ ಹಗೇವಿಗೆ ಮರಳೋಣ. ಮುಚ್ಚಿದ ಕುಣಿಯಲ್ಲಿ ಜೋಳದ ಕಾಳೂ ಉಸಿರಾಡುತ್ತದೆ, ಅದರೊಳಗಿನ ಹುಳವೂ ಬೂಸ್ಟೂ ಉಸಿರಾಡುತ್ತವೆ. ತಿಂಗಳುಗಟ್ಟಲೆ ಹೀಗೆ ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲದ ಡೈಆಕ್ಸೈಡನ್ನು ತುಂಬಿಡುತ್ತವೆ. ಹುಳ ಬದುಕಲಾರದ ಆ ಗಾಳಿಯೇ ಜೋಳವನ್ನು ಕಾಯುವ ಔಷಧ. ಹುಳಕ್ಕಾದದ್ದು ಮನುಷ್ಯನಿಗೂ ಆಗುತ್ತದೆ. ಇಂಗಾಲದ ಡೈಆಕ್ಸೈಡು ನೂರಕ್ಕೆ 10ನ್ನು ಮೀರಿದರೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಇನ್ನೂ ಹೆಚ್ಚಿದ್ದರೆ ಆ ಕೆಲವು ನಿಮಿಷಗಳೂ ಇಲ್ಲ. ಆಳುಮಗನಿಗೆ ಬಂದ ಆ ಎರಡು ಜೋರಾದ ಉಸಿರುಗಳೇ ಕಾವಲುಗಾರನ ಕೂಗು. ಕೂಗು ಬಂತು, ಏರುವಷ್ಟು ಹೊತ್ತು ಮಾತ್ರ ಸಿಗಲಿಲ್ಲ. ಬಹುಕಾಲ ಮುಚ್ಚಿದ ಬಾವಿಯಲ್ಲಿ ಇನ್ನೊಂದು ಬಗೆಯ ಅಪಾಯವೂ ಉಂಟು. ಅಲ್ಲಿ ಆಮ್ಲಜನಕ ಖಾಲಿಯಾಗಿ, ಇಂಗಾಲದ ಡೈಆಕ್ಸೈಡು ಹೆಚ್ಚಿಲ್ಲದೆ, ಬರಿಯ ಸಾರಜನಕವೇ ತುಂಬಿದ್ದರೆ ಆ ಎರಡು ಉಸಿರಿನ ಎಚ್ಚರಿಕೆಯೂ ಬರುವುದಿಲ್ಲ. ಮನುಷ್ಯನು ನಿಂತಲ್ಲಿಯೇ ಕುಸಿಯುತ್ತಾನೆ. ಮೇಲಿದ್ದವರು ಬಾವಿ ಬಲಿ ಬೇಡಿತು, ದೆವ್ವ ಎಳೆಯಿತು ಎನ್ನುತ್ತಾರೆ. ಎಳೆದದ್ದು ದೆವ್ವವಲ್ಲ, ನಮ್ಮ ಅಜ್ಞಾನ. ಶೌಚದ ಗುಂಡಿಗಳಲ್ಲಿ ಏಳುವ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವಂತೂ ಮೊದಲು ಮೂಗಿನ ವಾಸನಾಶಕ್ತಿಯನ್ನೇ ಕೊಲ್ಲುತ್ತದೆ. ಬಹಳ ಹೆಚ್ಚಾದರೆ ಮೆಡುಲ್ಲಾದ ತಾಳವನ್ನೇ ನಿಲ್ಲಿಸಿಬಿಡುತ್ತದೆ. ಅಂಥ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ.

ಬಾವಿಯಲ್ಲಿ ಈಜುವ ಹುಡುಗರಿಗೆ ಇಲ್ಲಿ ಒಂದು ಮಾತು. ಬೇಸಿಗೆ ಬಂತೆಂದರೆ ಯಾರು ಹೆಚ್ಚು ಹೊತ್ತು ಮುಳುಗಿರುವರೆಂದು ಪಂದ್ಯ ಕಟ್ಟುತ್ತೀರಿ. ಮುಳುಗುವ ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಟ್ಟರೆ ಹೆಚ್ಚು ಹೊತ್ತು ಇರಬಹುದೆಂದು ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ಇರಬಹುದು ನಿಜ. ಆದರೆ ಹಾಗೆ ಮಾಡುವುದರಿಂದ ರಕ್ತಕ್ಕೆ ಆಮ್ಲಜನಕವೇನೂ ಹೆಚ್ಚಾಗಿ ಸೇರುವುದಿಲ್ಲ, ಇಂಗಾಲದ ಡೈಆಕ್ಸೈಡು ಮಾತ್ರ ಬರಿದಾಗುತ್ತದೆ. ಎಂದರೆ ನೀವು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ ನೀರಿಗೆ ಇಳಿದಂತೆ. ಮೇಲೆ ಬಾ ಎಂದು ಅವನು ಕೂಗುವ ಮೊದಲೇ ಆಮ್ಲಜನಕ ಮುಗಿದು ನೀರೊಳಗೇ ಎಚ್ಚರ ತಪ್ಪುತ್ತದೆ. ಕೈಕಾಲು ಬಡಿಯುವುದಿಲ್ಲ, ಸದ್ದಾಗುವುದಿಲ್ಲ. ದಂಡೆಯ ಮೇಲಿದ್ದವರು ಗೆಳೆಯನು ಪಂದ್ಯ ಗೆಲ್ಲುತ್ತಿದ್ದಾನೆಂದು ಎಣಿಸುತ್ತಲೇ ಇರುತ್ತಾರೆ. ಈ ಪಂದ್ಯವನ್ನು ಇಂದೇ ಬಿಡಿರಿ.

ಪರೀಕ್ಷೆಗೆ ಹೆದರುವ ಮಕ್ಕಳಿಗೂ ಇದೇ ತಕ್ಕಡಿಯಿಂದ ಒಂದು ಪಾಠವಿದೆ. ಪ್ರಶ್ನಪತ್ರಿಕೆ ಕೈಗೆ ಬಂದಾಗ ಕೆಲವರಿಗೆ ಏದುಸಿರು ಬಂದು, ಬೆರಳು ಜುಮುಗುಟ್ಟಿ, ತಲೆ ಸುತ್ತುತ್ತದೆ. ಗಾಳಿ ಸಾಲದೆಂದು ಇನ್ನೂ ಜೋರಾಗಿ ಉಸಿರಾಡುತ್ತಾರೆ. ಅಲ್ಲಿ ಗಾಳಿ ಸಾಲದೆ ಬಂದ ತೊಂದರೆಯಿಲ್ಲ, ಹೆಚ್ಚಾಗಿ ಬಂದ ತೊಂದರೆಯಿದೆ. ಇಂಗಾಲದ ಡೈಆಕ್ಸೈಡು ಮಿತಿಮೀರಿ ಹೊರಗೆ ಹೋಗಿರುತ್ತದೆ. ಪೆನ್ನು ಕೆಳಗಿಟ್ಟು, ಬಾಯಿ ಮುಚ್ಚಿ, ಮೂಗಿನಿಂದ ನಿಧಾನವಾಗಿ ಎಳೆದು ಅದಕ್ಕಿಂತ ನಿಧಾನವಾಗಿ ಬಿಟ್ಟರೆ ಎರಡು ಮೂರು ನಿಮಿಷಗಳಲ್ಲಿ ಕೈ ಹಿಡಿತಕ್ಕೆ ಬರುತ್ತದೆ. ನಮ್ಮ ಮಹಾರಾಷ್ಟ್ರದ ಲೋಣಾವಳೆಯಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಪ್ರಾಣಾಯಾಮವನ್ನು ಪ್ರಯೋಗಶಾಲೆಯಲ್ಲಿ ಅಳೆದು ನೋಡಲು ತೊಡಗಿದ್ದು ಇಂಥ ಸಂಬಂಧಗಳನ್ನು ತಿಳಿಯುವುದಕ್ಕಾಗಿಯೇ.

ಒಡೆಯನು ಸರಿಯಿದ್ದು ಅಪ್ಪಣೆ ಸಾಗುವ ದಾರಿಯೇ ಕಡಿದರೆ? ಇದೂ ನಮ್ಮ ಊರುಗಳ ಮಾತೇ. ಮರಾಠಿಯಲ್ಲಿ ಮಣ್ಯಾರ ಎನ್ನುವ ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಹೆಚ್ಚಿರುವುದಿಲ್ಲ, ಗಾಯ ಕಾಣುವುದೇ ಕಷ್ಟ. ವಿಷವು ನರಕ್ಕೂ ಸ್ನಾಯುವಿಗೂ ನಡುವಿನ ಕೊಂಡಿಯನ್ನು ಕಳಚುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ವಪೆ ಸೋಲುತ್ತದೆ. ಆಗಲೂ ಮೆಡುಲ್ಲಾ ಅಪ್ಪಣೆ ಕಳಿಸುತ್ತಲೇ ಇರುತ್ತದೆ, ಹೃದಯ ಬಡಿಯುತ್ತಲೇ ಇರುತ್ತದೆ, ಅಪ್ಪಣೆ ಕೇಳುವವರು ಮಾತ್ರ ಇಲ್ಲ. ಇಂಥವನಿಗೆ ಯಾರಾದರೂ ಹೊರಗಿನಿಂದ ಉಸಿರು ಕೊಡುತ್ತಿದ್ದರೆ ಅವನು ಬದುಕುತ್ತಾನೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಬೇನೆ ಹರಡಿ ನೂರಾರು ಜನರ ಉಸಿರಿನ ನರಗಳು ಸತ್ತುಹೋದಾಗ, ಇಬ್ಸೆನ್ ಎಂಬ ವೈದ್ಯನು ರೋಗಿಗಳ ಗಂಟಲಿಗೆ ನಳಿಗೆಯಿಟ್ಟು ರಬ್ಬರಿನ ಚೀಲದಿಂದ ಗಾಳಿ ಊಡಿಸುವ ದಾರಿ ತೋರಿಸಿದ. ಯಂತ್ರಗಳು ಸಾಲದಾಗ ಸುಮಾರು 1500 ವಿದ್ಯಾರ್ಥಿಗಳು ಪಾಳಿಯಂತೆ ಹಗಲು ರಾತ್ರಿ ಕುಳಿತು ಕೈಯಿಂದ ಚೀಲ ಒತ್ತಿ ಒತ್ತಿ ಪರರ ಪ್ರಾಣವನ್ನು ಹಿಡಿದಿಟ್ಟರು. ವಿದ್ಯಾರ್ಥಿಗಳು ಏನು ಮಾಡಬಲ್ಲರು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚದು. ಆದ್ದರಿಂದಲೇ ಹಾವು ಕಡಿದವನನ್ನು ಮಂತ್ರ ಹಾಕಿಸಲು ಒಯ್ದು ಹೊತ್ತು ಕಳೆಯುವುದು ಮಹಾಪಾಪ. ಅಲುಗಾಡಿಸದೆ, ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ವಿಷದ ಮದ್ದೂ ಉಸಿರು ಕೊಡುವ ಯಂತ್ರವೂ ಇರುವ ದವಾಖಾನೆಗೆ ಕೂಡಲೇ ಸಾಗಿಸುವುದೇ ಮದ್ದು.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಪರೀಕ್ಷೆಯಲ್ಲಿ ಬರುವುದು ಚಿತ್ರ ಮತ್ತು ಹೆಸರು, ಹಗೇವು ಬಾವಿಗಳ ಕಥೆಯಿಂದ ಗುಣ ಬರುವುದೇ ಎಂದು ಕೆಲವು ಪಾಲಕರು ಕೇಳುವರು. ಗುಣ ಬರಲಿಕ್ಕಿಲ್ಲ, ಜೀವ ಉಳಿದೀತು. ಪುಣೆಯ ಬಾಲಭಾರತಿಯವರು ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿಯೇ ಪುಸ್ತಕ ಮುದ್ರಿಸಿ ಕೊಡುತ್ತಾರೆ. ಆ ಅಕ್ಷರಗಳನ್ನು ನಮ್ಮ ನೆಲದ ಕುಣಿಗೆ, ನಮ್ಮ ಬಾವಿಗೆ ಜೋಡಿಸುವ ಕೆಲಸ ನಮ್ಮದು, ಶಿಕ್ಷಕರದು. ಅದನ್ನು ಮಾಡದಿದ್ದರೆ ತಾಯ್ನುಡಿಯಲ್ಲಿ ಕಲಿತೂ ಪರನುಡಿಯಲ್ಲಿ ಉರುಹೊಡೆದಂತೆಯೇ ಸರಿ.

ಎರಡನೆಯದು ಹಿರಿಯರ ಆಕ್ಷೇಪಣೆ: ನಮ್ಮ ಅಪ್ಪ ಅಜ್ಜ ಯಾವ ಮೆಡುಲ್ಲಾ ಓದಿದ್ದರು? ಓದಿರಲಿಲ್ಲ ನಿಜ. ಆದರೆ ಅವರಲ್ಲಿ ರೂಢಿಯಿತ್ತು. ಬಾಯಿ ತೆರೆದು ಒಂದು ರಾತ್ರಿ ಬಿಡಬೇಕು, ಸೊಂಟಕ್ಕೆ ಹಗ್ಗ ಕಟ್ಟಬೇಕು, ಕಂದೀಲು ಇಳಿಬಿಟ್ಟು ನೋಡಬೇಕು, ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕದಡಬೇಕು ಎಂದು ಅಜ್ಜನಿಗೆ ಅವನ ಅಜ್ಜ ಹೇಳಿದ್ದ. ಕಂದೀಲಿನ ಉರಿ ಆಮ್ಲಜನಕ ನೂರಕ್ಕೆ 16ರ ಸುಮಾರಿಗೆ ಇಳಿದಾಗಲೇ ಆರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ದೀಪ ಆರಿದಲ್ಲಿ ಜೀವ ಆರುತ್ತದೆ ಎಂಬುದು ಗೊತ್ತಿತ್ತು. ಇಂದು ಏನಾಗಿದೆ ನೋಡಿರಿ. ಹಗೇವುಗಳು ಹೋದವು, ಅವುಗಳೊಡನೆ ಹಗೇವಿನ ರೂಢಿಯೂ ಹೋಯಿತು. ಆದರೆ ಕುಣಿಗಳು ಹೋಗಲಿಲ್ಲ. ಹಳೆಯ ಬಾವಿ, ಶೌಚದ ಗುಂಡಿ, ಗೋಬರ ಗ್ಯಾಸಿನ ಗುಂಡಿ, ನೆಲದೊಳಗಿನ ನೀರಿನ ಟಾಕಿ ಎಂದು ಇನ್ನೂ ಹೆಚ್ಚಾಗಿವೆ. ಹಳೆಯ ರೂಢಿ ಕಳೆದುಕೊಂಡೆವು, ಹೊಸ ವಿದ್ಯೆ ತಲೆಗೆ ಇಳಿಯಲಿಲ್ಲ. ಇವೆರಡರ ನಡುವಿನ ಕುಣಿಯೇ ಎಲ್ಲಕ್ಕಿಂತ ಆಳವಾದದ್ದು. ಹಳೆಯ ರೂಢಿಯನ್ನು ಕಣ್ಣುಮುಚ್ಚಿ ಅನುಸರಿಸುವಂತೆಯೂ ಇಲ್ಲ. ಗೋಬರ ಗ್ಯಾಸಿನ ಅಥವಾ ಶೌಚದ ಗುಂಡಿಗೆ ಕಂದೀಲು ಇಳಿಬಿಟ್ಟರೆ ಅನಿಲ ಹೊತ್ತಿ ಸಿಡಿಯುತ್ತದೆ, ವಿಷಾನಿಲವಿದ್ದಲ್ಲಿ ಉರಿಯುವ ದೀಪವೂ ಸುಳ್ಳು ಭರವಸೆ ಕೊಡುತ್ತದೆ. ರೂಢಿಗೆ ವಿದ್ಯೆಯ ಜೊತೆ ಬೇಕು ಎನ್ನುವುದು ಇದಕ್ಕಾಗಿಯೇ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪ್ರತಿವರ್ಷ ಬೇಸಿಗೆ ರಜೆಯ ಮೊದಲು, ಬಾವಿಯ ಹೂಳು ತೆಗೆಯುವ ಕಾಲಕ್ಕೆ ಸರಿಯಾಗಿ, ಎಲ್ಲ ಇಯತ್ತೆಗಳಿಗೂ ಈ ಒಂದು ಪಾಠ ನಡೆಯಬೇಕು, ಅದಕ್ಕೆ ಪಾಲಕರನ್ನೂ ಕರೆಯಬೇಕು. ಮಕ್ಕಳು ಮನೆಗೆ ಒಯ್ಯಬೇಕಾದ ಮಾತುಗಳು ಹೆಚ್ಚಿಲ್ಲ. ಮುಚ್ಚಿದ ಕುಣಿಗೆ ತೆರೆದ ಕೂಡಲೇ ಇಳಿಯಬಾರದು. ಉಸಿರುಗಟ್ಟಿದರೆ ಮೇಲೆ ಬರುವೆನೆಂದು ನಂಬಬಾರದು. ಒಬ್ಬನೇ ಇಳಿಯಬಾರದು, ಹಗ್ಗವಿಲ್ಲದೆ ಇಳಿಯಬಾರದು. ಒಬ್ಬನು ಬಿದ್ದನೆಂದರೆ ಎರಡನೆಯವನು ಹಾರಬಾರದು. ಈ ಕೊನೆಯ ಮಾತೇ ಎಲ್ಲಕ್ಕಿಂತ ಕಠಿಣ. ಅಣ್ಣ ಬಿದ್ದಾಗ ತಮ್ಮ ನಿಂತು ನೋಡುವುದು ಹೇಗೆ? ಆದರೆ ಅಣ್ಣನನ್ನು ಬೀಳಿಸಿದ ಗಾಳಿ ತಮ್ಮನನ್ನು ಬಿಡುವುದಿಲ್ಲ. ಒಂದು ಮನೆಯಿಂದ ಒಂದೇ ದಿನ ಎರಡು ಹೆಣ ಏಳುವುದು ಹೀಗೆಯೇ. ಮೇಲಿನಿಂದ ಗಾಳಿ ಊದಿರಿ, ಹಗ್ಗದಿಂದ ಎಳೆಯಿರಿ, ಜನ ಕೂಡಿಸಿರಿ, 108ಕ್ಕೆ ಫೋನು ಮಾಡಿರಿ. ಮೇಲೆ ಬಂದವನು ಉಸಿರಾಡದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಕಲಿತಿರಿ. ನಾವು ಬಿಡುವ ಉಸಿರಿನಲ್ಲಿಯೂ ನೂರಕ್ಕೆ 16ರಷ್ಟು ಆಮ್ಲಜನಕ ಉಳಿದಿರುತ್ತದೆ, ಇನ್ನೊಂದು ಜೀವಕ್ಕೆ ಅದು ಸಾಕು.

ನಮ್ಮೂರ ಹೆಸರಿನ ಮೊದಲಲ್ಲಿಯೇ 'ಕುಣಿ' ಎಂಬ ಶಬ್ದವಿದೆ. ಆ ಹೆಸರು ಹೇಗೆ ಬಂತೋ ಆ ಚರ್ಚೆ ಬೇರೆ. ಕುಣಿಯ ಗಾಳಿಯ ಗುಣವನ್ನು ಮಾತ್ರ ಕುಣಿಕೋಣೂರಿನ ಮಕ್ಕಳು ಉಳಿದೆಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಲಿ ಎಂಬುದು ನನ್ನ ಆಸೆ. ತಲೆಯ ಹಿಂದೆ ಕುಳಿತ ಆ ಕಾವಲುಗಾರನು ಹುಟ್ಟಿದ ಗಳಿಗೆಯಿಂದ ನಮಗಾಗಿ ಎಚ್ಚರಿದ್ದಾನೆ, ಒಂದು ದಿನವೂ ರಜೆ ಕೇಳಿಲ್ಲ. ಅವನಿಗೆ ಕಾಣದ ಮೂಲೆ ಒಂದಿದೆ. ಆ ಮೂಲೆಯಲ್ಲಿ ಕಾವಲು ನಿಲ್ಲಬೇಕಾದವರು ನಾವು. ಅಜ್ಜ ಹಗೇವಿನ ಬಾಯಲ್ಲಿ ಅಡ್ಡಗೋಲು ಹಿಡಿದು ನಿಂತಂತೆ ವಿದ್ಯೆಯೂ ನಮ್ಮ ಮಕ್ಕಳ ಎದೆಗೆ ಅಡ್ಡವಾಗಿ ನಿಂತು, "ತಡೀ ತಮ್ಮಾ, ಅದಕ್ಕೂ ಉಸರ ಬಿಡಾಕ ಬಿಡು" ಎನ್ನಲಿ.